ಬೇಕೆಂದು ಮಾಡಿದ್ದು, ಗೊತ್ತಿದ್ದು ಮಾಡಿದ್ದು

ಇಂಗ್ಲಿಷಿನಲ್ಲಿ ಪರ್ಪಸ್, ಇಂಟೆನ್ಷನ್, ಮೋಟಿವ್, ಆಬ್ಜೆಕ್ಟ್, ಏಮ್, ಡಿಸೈನ್ ಎಂಬ ಮಾತುಗಳಿವೆ. ಶಾಲೆಯ ಸಮಾನಾರ್ಥಕ ಪದಗಳ ಪಟ್ಟಿಯಲ್ಲಿ ಇವೆಲ್ಲ ಒಂದೇ ಸಾಲಿನಲ್ಲಿ ನಿಂತಿರುತ್ತವೆ. ಕನ್ನಡಕ್ಕೆ ತರುವಾಗ ನಾವೂ ಹೆಚ್ಚು ತಲೆ ಕೆಡಿಸಿಕೊಳ್ಳದೆ ಎಲ್ಲಕ್ಕೂ ‘ಉದ್ದೇಶ’ ಎಂದು ಬರೆದು ಮುಂದೆ ಹೋಗುತ್ತೇವೆ. ಸಭೆಯ ವರದಿಯಲ್ಲೋ ಆಹ್ವಾನ ಪತ್ರಿಕೆಯಲ್ಲೋ ಇದರಿಂದ ನಷ್ಟವೇನೂ ಇಲ್ಲ. ಆದರೆ ಒಬ್ಬ ಮನುಷ್ಯ ಮಾಡಿದ ಕೆಲಸಕ್ಕೆ ಅವನನ್ನು ಎಷ್ಟರ ಮಟ್ಟಿಗೆ ಹೊಣೆ ಮಾಡಬೇಕು ಎಂಬ ಪ್ರಶ್ನೆ ಎದ್ದ ಕೂಡಲೇ ಈ ಮಾತುಗಳ ದಾರಿಗಳು ಬೇರೆಯಾಗುತ್ತವೆ. ಜೀವಾವಧಿ ಶಿಕ್ಷೆಗೂ ಕೆಲವು ವರ್ಷಗಳ ಸೆರೆವಾಸಕ್ಕೂ ಇರುವ ಅಂತರ ಕೆಲವು ಮೊಕದ್ದಮೆಗಳಲ್ಲಿ ಇಂಥ ಒಂದು ಪದದ ಮೇಲೆಯೇ ನಿಂತಿರುತ್ತದೆ. ನಾನು ಹೇಳಬೇಕೆಂದಿರುವುದು ಇಷ್ಟು: ಈ ಪದಗಳು ಒಂದೇ ಅರ್ಥದ ಹೆಚ್ಚುಕಡಿಮೆಗಳಲ್ಲ, ಬೇರೆಬೇರೆ ಪ್ರಶ್ನೆಗಳಿಗೆ ಕೊಡುವ ಉತ್ತರಗಳು. ಒಂದು ಪದ ಮಾಡಬೇಕಾದ ಕೆಲಸವನ್ನು ಇನ್ನೊಂದರಿಂದ ಮಾಡಿಸಹೋದಾಗಲೆಲ್ಲ ದೊಡ್ಡ ದೊಡ್ಡ ನ್ಯಾಯಪೀಠಗಳೂ ಎಡವಿವೆ. ಮತ್ತು ಈ ಒಂದು ವಿಷಯದಲ್ಲಿ ಭಾರತದ ದಂಡ ಸಂಹಿತೆ ಇಂಗ್ಲೆಂಡಿನ ಕಾನೂನಿಗಿಂತ ನೂರು ವರ್ಷಕ್ಕೂ ಹೆಚ್ಚು ಮುಂದಿತ್ತು.

ಮೊದಲು ಪದಗಳನ್ನೇ ನೋಡೋಣ. ಅಣೆಕಟ್ಟಿಗೆ ಪರ್ಪಸ್ ಇದೆ, ಇಂಟೆನ್ಷನ್ ಇಲ್ಲ. ಹೃದಯದ ಬಡಿತಕ್ಕೆ ಪರ್ಪಸ್ ಇದೆ ಎಂದು ವೈದ್ಯರು ಹೇಳಬಹುದು, ಮೋಟಿವ್ ಇದೆ ಎಂದು ಯಾರೂ ಹೇಳುವುದಿಲ್ಲ. ಅಂದರೆ ಪರ್ಪಸ್ ಎಂಬುದು ವಸ್ತುವಿಗೂ ಸಲ್ಲುತ್ತದೆ, ಮನುಷ್ಯನಿಗೂ ಸಲ್ಲುತ್ತದೆ, ‘ಇದು ಏತಕ್ಕಾಗಿ?’ ಎಂಬ ಪ್ರಶ್ನೆಗೆ ಅದು ಉತ್ತರ. ಇಂಟೆನ್ಷನ್ ಮನಸ್ಸುಳ್ಳ ಜೀವಿಗೆ ಮಾತ್ರ ಸಲ್ಲುವಂಥದು, ‘ಏನು ಮಾಡಹೊರಟಿದ್ದ?’ ಎಂಬ ಪ್ರಶ್ನೆಗೆ ಅದು ಉತ್ತರ. ಮೋಟಿವ್ ಹಿಂದಿನಿಂದ ನೂಕುವ ಶಕ್ತಿ. ಚಲಿಸು ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದಲೇ ಅದು ಬಂದದ್ದು. ಊರಿನ ಸಿರಿವಂತರೊಬ್ಬರು ಶಾಲೆಗೆ ಎರಡು ಕೊಠಡಿ ಕಟ್ಟಿಸಿಕೊಡುತ್ತಾರೆನ್ನಿ. ಕೊಠಡಿಯ ಪರ್ಪಸ್ಸು ಮಕ್ಕಳಿಗೆ ನೆರಳು. ಅವರ ಇಂಟೆನ್ಷನ್ನು ಕೊಠಡಿ ಕಟ್ಟಿಸುವುದು. ಮೋಟಿವ್ ಮಾತ್ರ ತಾಯಿಯ ನೆನಪೂ ಆಗಿರಬಹುದು, ಮುಂದಿನ ಚುನಾವಣೆಯೂ ಆಗಿರಬಹುದು. ಮೋಟಿವ್ ಬದಲಾದರೆ ಅವರ ಬಗ್ಗೆ ನಮಗಿರುವ ಗೌರವ ಹೆಚ್ಚುಕಡಿಮೆಯಾಗುತ್ತದೆ. ಅವರು ಕಟ್ಟಿಸಿದ್ದು ಶಾಲೆಯ ಕೊಠಡಿ ಎಂಬ ಸಂಗತಿ ಬದಲಾಗುವುದಿಲ್ಲ.

ಇಷ್ಟರವರೆಗೆ ಸುಲಭ. ತೊಡಕು ಆರಂಭವಾಗುವುದು ನಾವು ಬಯಸದಿದ್ದರೂ ಆಗಿಯೇ ತೀರುತ್ತದೆಂದು ತಿಳಿದಿದ್ದ ಪರಿಣಾಮದ ಬಳಿ. ಆಕ್ಸ್‌ಫರ್ಡಿನ ತತ್ತ್ವಶಾಸ್ತ್ರಜ್ಞ ಜೆ. ಎಲ್. ಆಸ್ಟಿನ್ ದಿನಬಳಕೆಯ ಮಾತುಗಳನ್ನು ಬಹಳ ಜತನದಿಂದ ಬಿಡಿಸಿ ನೋಡಿದವರು. ಅವರು ತೀರಿಕೊಂಡ ಮೇಲೆ, 1966ರಲ್ಲಿ, ಶಾಯಿ ಚೆಲ್ಲುವ ಮೂರು ಬಗೆಗಳನ್ನು ಕುರಿತ ಅವರ ಉಪನ್ಯಾಸವೊಂದು ಅಚ್ಚಾಯಿತು. ಅದರಲ್ಲೊಂದು ಉದಾಹರಣೆ ನಡೆಯುವುದು ನಮ್ಮ ದೇಶದಲ್ಲೇ. ಬ್ರಿಟಿಷ್ ಅಧಿಕಾರಿಯೊಬ್ಬನಿಗೆ ದೊಂಬಿ ಅಡಗಿಸಲು ಕರೆ ಬರುತ್ತದೆ. ಒಂದು ಕ್ಷಣವನ್ನೂ ಹಾಳುಮಾಡುವಂತಿಲ್ಲ. ಬಂಗಲೆಯ ದಾರಿಗೆ ಅಡ್ಡವಾಗಿ ಅಡುಗೆಯವನ ಮಗುವಿನ ಹೊಸ ಆಟದ ಬಂಡಿ ನಿಂತಿದೆ. ಇಳಿದು ಪಕ್ಕಕ್ಕಿಡಬಹುದು ಎಂಬುದು ಅವನಿಗೆ ಹೊಳೆಯುತ್ತದೆ. ಹೊಳೆದರೂ ಅದರ ಮೇಲೆಯೇ ವಾಹನ ಹಾಯಿಸಿ ಹೋಗುತ್ತಾನೆ. ಆಸ್ಟಿನ್ ಪ್ರಕಾರ ಅವನು ಬಂಡಿಯನ್ನು ಡೆಲಿಬರೇಟ್ ಆಗಿ ಪುಡಿಮಾಡಿದ, ಆದರೆ ಇಂಟೆನ್ಷನಲ್ ಆಗಿ ಅಲ್ಲ. ಬಂಡಿ ಒಡೆಯುವುದು ಅವನ ಕಾರ್ಯದ ಯಾವ ಭಾಗವೂ ಆಗಿರಲಿಲ್ಲ. ದಾರಿಯಲ್ಲಿ ಬಂದು ಹೋದ ಸಂಗತಿ ಅದು. ತಿಳಿದು ನಿರ್ಧರಿಸಿದ್ದಂತೂ ನಿಜ.

ಆಸ್ಟಿನ್ ಹೇಳಿದ್ದನ್ನು ಇಂಗ್ಲಿಷ್ ಆಡುವ ಜನರೆಲ್ಲ ಒಪ್ಪುತ್ತಾರೆಯೇ? ಒಪ್ಪುವುದಿಲ್ಲ ಎನ್ನಲು ಪ್ರಬಲ ಸಾಕ್ಷ್ಯವಿದೆ. 2003ರಲ್ಲಿ ಅಮೆರಿಕದ ತತ್ತ್ವಶಾಸ್ತ್ರಜ್ಞ ಜೋಶುವಾ ನೋಬ್ ನ್ಯೂಯಾರ್ಕಿನ ಉದ್ಯಾನವೊಂದರಲ್ಲಿ ಕುಳಿತಿದ್ದ ಜನರಿಗೆ ಒಂದು ಪುಟ್ಟ ಕಥೆ ಕೊಟ್ಟು ಪ್ರಶ್ನೆ ಕೇಳಿದರು. ಕಂಪನಿಯ ಅಧ್ಯಕ್ಷನ ಬಳಿ ಉಪಾಧ್ಯಕ್ಷ ಬಂದು, ಹೊಸ ಯೋಜನೆಯಿಂದ ಲಾಭ ಹೆಚ್ಚುತ್ತದೆ, ಆದರೆ ಪರಿಸರಕ್ಕೆ ಹಾನಿಯೂ ಆಗುತ್ತದೆ ಎನ್ನುತ್ತಾನೆ. ಪರಿಸರದ ಗೊಡವೆ ನನಗಿಲ್ಲ, ಲಾಭವಷ್ಟೇ ಬೇಕು ಎನ್ನುತ್ತಾನೆ ಅಧ್ಯಕ್ಷ. ಪರಿಸರ ಹಾಳಾಗುತ್ತದೆ. ಅವನು ಅದನ್ನು ಇಂಟೆನ್ಷನಲ್ ಆಗಿ ಹಾಳುಮಾಡಿದನೇ? ಕೇಳಿದವರಲ್ಲಿ ಶೇಕಡಾ 82 ಮಂದಿ ಹೌದು ಎಂದರು. ಅದೇ ಕಥೆಯಲ್ಲಿ ‘ಹಾನಿ’ ಇದ್ದಲ್ಲಿ ‘ಒಳಿತು’ ಎಂದು ಬದಲಿಸಿ ಬೇರೆ ಜನರಿಗೆ ಕೊಟ್ಟರು. ಪರಿಸರಕ್ಕೆ ಒಳ್ಳೆಯದಾಗುತ್ತದೆ, ಅಧ್ಯಕ್ಷನಿಗೆ ಅದರ ಗೊಡವೆ ಇಲ್ಲ, ಒಳ್ಳೆಯದಾಗಿಯೂ ಬಿಟ್ಟಿತು. ಅವನು ಅದನ್ನು ಇಂಟೆನ್ಷನಲ್ ಆಗಿ ಮಾಡಿದ ಎಂದವರು ಶೇಕಡಾ 23 ಮಾತ್ರ. ಅಧ್ಯಕ್ಷನ ಮನಸ್ಸು ಎರಡೂ ಕಥೆಗಳಲ್ಲಿ ಒಂದೇ, ಬದಲಾದದ್ದು ಫಲ. ಅಂದರೆ ಜನ ಮೊದಲು ತಪ್ಪು ಹೊರಿಸಬೇಕೇ ಬೇಡವೇ ಎಂದು ತೀರ್ಮಾನಿಸಿ, ಆಮೇಲೆ ಆ ತೀರ್ಮಾನಕ್ಕೆ ಹೊಂದುವ ಪದವನ್ನು ಎತ್ತಿಕೊಳ್ಳುವಂತೆ ಕಾಣುತ್ತದೆ. ಇದಕ್ಕೆ ಬೇರೆ ವಿವರಣೆ ಕೊಡುವ ಪಂಡಿತರೂ ಇದ್ದಾರೆ. ಯಾವ ವಿವರಣೆ ಹಿಡಿದರೂ ಒಂದು ಮಾತು ಉಳಿಯುತ್ತದೆ: ಇಂಟೆನ್ಷನ್ ಎಂಬ ಪದ ಜನರ ಬಾಯಲ್ಲಿ ಬರಿಯ ವರ್ಣನೆಯಾಗಿ ಉಳಿದಿಲ್ಲ, ಅದರೊಳಗೆ ತೀರ್ಪೂ ಸೇರಿಕೊಂಡಿದೆ.

ಕನ್ನಡ ಬಲ್ಲವರಿಗೆ ಇಲ್ಲೊಂದು ಅನುಕೂಲ ಇದೆ. ಪುಸ್ತಕದ ಕನ್ನಡದಲ್ಲಿ ‘ಉದ್ದೇಶಪೂರ್ವಕ’ ಎಂಬ ಒಂದೇ ಪದಕ್ಕೆ ಜೋತುಬಿದ್ದಿದ್ದರೂ ಮನೆಯ ಕನ್ನಡದಲ್ಲಿ ನಾವು ‘ಬೇಕಂತಲೇ ಮಾಡಿದ’ ಎನ್ನುವುದು ಒಂದು, ‘ಗೊತ್ತಿದ್ದೂ ಮಾಡಿದ’ ಎನ್ನುವುದು ಇನ್ನೊಂದು. ಆಸ್ಟಿನ್‌ನ ಅಧಿಕಾರಿ ಬಂಡಿಯನ್ನು ಬೇಕಂತಲೇ ಒಡೆದವನಲ್ಲ, ಗೊತ್ತಿದ್ದೂ ಒಡೆದವನು. ನೋಬ್ ಅವರ ಅಧ್ಯಕ್ಷನೂ ಅದೇ ಜಾತಿಯವನು. ಎರಡೂ ಬೈಗುಳವೇ, ಆದರೆ ಬೇರೆಬೇರೆ ಬೈಗುಳ. ಇದನ್ನೇ ತತ್ತ್ವಶಾಸ್ತ್ರಜ್ಞ ಜೆರೆಮಿ ಬೆಂಥಮ್ 1789ರ ತನ್ನ ಗ್ರಂಥದಲ್ಲಿ ನೇರ ಇಂಟೆನ್ಷನ್, ಓರೆ ಇಂಟೆನ್ಷನ್ ಎಂದು ವಿಂಗಡಿಸಿದ್ದ. ಬೇಟೆಯಲ್ಲಿ ಬಾಣ ತಗಲಿ ಸತ್ತ ಇಂಗ್ಲೆಂಡಿನ ದೊರೆ ಎರಡನೆಯ ವಿಲಿಯಮ್‌ನ ಪ್ರಸಂಗವನ್ನು ಹಿಡಿದು, ಬಾಣ ಬಿಟ್ಟವನು ಜಿಂಕೆಗೆ ಗುರಿಯಿಟ್ಟಾಗ ದೊರೆಗೆ ತಗಲಬಹುದೆಂದು ಎಷ್ಟು ಬಲ್ಲವನಾಗಿದ್ದ ಎಂಬುದರ ಮೇಲೆ ಅವನ ಮನಸ್ಸಿನ ಸ್ಥಿತಿ ಹೇಗೆ ಬೇರೆಯಾಗುತ್ತದೆಂದು ಬಿಡಿಸಿ ತೋರಿಸಿದ. ಒಳ್ಳೆಯ ವಿಂಗಡಣೆಯೇ. ಆದರೆ ಎರಡಕ್ಕೂ ಇಂಟೆನ್ಷನ್ ಎಂಬ ಒಂದೇ ಮನೆಹೆಸರು ಇಟ್ಟದ್ದರಿಂದ ಇಂಗ್ಲೆಂಡಿಗೆ ಮುಂದೆ ತೊಂದರೆಯಾಯಿತು ಎಂದೇ ನನ್ನ ಎಣಿಕೆ.

ತೊಂದರೆ ಎಂಥದೆಂಬುದಕ್ಕೆ 1974ರ ಹಯಾಮ್ ಪ್ರಕರಣವನ್ನು ಹತ್ತಿರದಿಂದ ನೋಡಬೇಕು. ತಾನು ಪ್ರೀತಿಸಿದ್ದ ಗಂಡಸು ಬೇರೊಬ್ಬ ಹೆಂಗಸಿನ ಕಡೆ ವಾಲಿದನೆಂಬ ಹೊಟ್ಟೆಕಿಚ್ಚಿನಿಂದ ಒಬ್ಬಾಕೆ ನಡುರಾತ್ರಿಯಲ್ಲಿ ಆ ಹೆಂಗಸಿನ ಮನೆಗೆ ಹೋದಳು. ಹೋಗುವ ಮೊದಲು ಅವನು ತನ್ನ ಸ್ವಂತ ಮನೆಯಲ್ಲೇ ಇದ್ದಾನೆಂದು ಖಚಿತಮಾಡಿಕೊಂಡಳು. ಬಾಗಿಲಿನ ಟಪಾಲು ಕಿಂಡಿಯಲ್ಲಿ ಪೆಟ್ರೋಲ್ ಸುರಿದು, ಕಾಗದಕ್ಕೆ ಕಡ್ಡಿ ಗೀರಿ ಒಳಗೆ ತುರುಕಿದಳು. ಆ ಹೆಂಗಸು ಕಿಟಕಿಯಿಂದ ಹಾರಿ ಬದುಕಿದಳು. ಆಕೆಯ ಇಬ್ಬರು ಹೆಣ್ಣುಮಕ್ಕಳು ಹೊಗೆಗೆ ಉಸಿರುಕಟ್ಟಿ ಸತ್ತರು. ಕೊಲ್ಲಲು ಅಲ್ಲ, ಹೆದರಿಸಿ ಊರು ಬಿಡಿಸಲು ಹೀಗೆ ಮಾಡಿದೆ ಎಂಬುದು ಆರೋಪಿಯ ಮಾತು. ಆ ಮಾತು ನಿಜವೇ ಇದ್ದಿರಬಹುದು. ಇಂಗ್ಲೆಂಡಿನ ಕಾನೂನಿನಲ್ಲಿ ಕೊಲೆ ಎನ್ನಬೇಕಾದರೆ ಸಾಯಿಸುವ ಅಥವಾ ಗಂಭೀರವಾಗಿ ಗಾಯಗೊಳಿಸುವ ಇಂಟೆನ್ಷನ್ ಇರಬೇಕು. ಆಗ ಅಲ್ಲಿನ ಅತ್ಯುನ್ನತ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸಿನ ಐವರು ನ್ಯಾಯಾಧೀಶರಲ್ಲಿ ಮೂವರು, ಗಂಭೀರ ಗಾಯವಾಗುವ ಸಂಭವ ಬಹಳ ಹೆಚ್ಚೆಂದು ಆಕೆಗೆ ತಿಳಿದಿದ್ದರೆ ಅಷ್ಟು ಸಾಕು ಎಂದು ಕೊಲೆಯ ಶಿಕ್ಷೆಯನ್ನು ಎತ್ತಿಹಿಡಿದರು. ಇಬ್ಬರು ಒಪ್ಪಲಿಲ್ಲ. ತೀರ್ಪಿನ ಫಲದ ಬಗ್ಗೆ ನನಗೆ ತಕರಾರಿಲ್ಲ. ಮಲಗಿದ್ದ ಮನೆಗೆ ಬೆಂಕಿಯಿಟ್ಟವಳನ್ನು ಲಘುವಾಗಿ ಬಿಡಬೇಕಾಗಿರಲಿಲ್ಲ. ತಕರಾರು ಇರುವುದು ಅಲ್ಲಿಗೆ ತಲುಪಿದ ದಾರಿಯ ಬಗ್ಗೆ. ತಿಳಿವಳಿಕೆಯನ್ನೇ ಇಂಟೆನ್ಷನ್ ಎಂದು ಕರೆದು ಬೇಕಾದ ಫಲವನ್ನು ಪಡೆದರು.

ಈಗ ನಮ್ಮ ಸಂಹಿತೆಗೆ ಬನ್ನಿ. ಮೆಕಾಲೆಯ ನೇತೃತ್ವದ ಕಾನೂನು ಆಯೋಗ 1837ರಲ್ಲಿ ಕರಡನ್ನು ಒಪ್ಪಿಸಿತು. ಅದು ಭಾರತೀಯ ದಂಡ ಸಂಹಿತೆಯಾಗಿ ಅಂಗೀಕಾರವಾದದ್ದು 1860ರಲ್ಲಿ, ಜಾರಿಗೆ ಬಂದದ್ದು 1862ರ ಜನವರಿ 1ರಂದು. ಮೆಕಾಲೆಯ ಶಿಕ್ಷಣ ಟಿಪ್ಪಣಿಯ ಬಗ್ಗೆ ನಮಗಿರುವ ಕೋಪ ನ್ಯಾಯವಾದದ್ದೇ, ಆದರೆ ಆ ಕೋಪ ಈ ಕೆಲಸದ ಹಿರಿಮೆಯನ್ನು ಮರೆಸಬಾರದು. ಸಂಹಿತೆಯ 39ನೆಯ ಸೆಕ್ಷನ್ ‘ಸ್ವಇಚ್ಛೆಯಿಂದ’ ಎಂಬ ಮಾತನ್ನು ವಿವರಿಸುತ್ತದೆ. ಅದಕ್ಕೊಂದು ದೃಷ್ಟಾಂತವಿದೆ. ಒಬ್ಬ ದರೋಡೆ ಸುಲಭವಾಗಲೆಂದು ದೊಡ್ಡ ಪಟ್ಟಣದಲ್ಲಿ ಜನವಿರುವ ಮನೆಯೊಂದಕ್ಕೆ ರಾತ್ರಿ ಬೆಂಕಿಯಿಡುತ್ತಾನೆ, ಅದರಿಂದ ಒಬ್ಬರು ಸಾಯುತ್ತಾರೆ. ಸಾವು ಅವನ ಇಂಟೆನ್ಷನ್ ಆಗಿರದೆ ಇರಬಹುದು, ಸಾವಾದದ್ದಕ್ಕೆ ಅವನು ಮರುಗಲೂಬಹುದು; ಆದರೂ ಸಾವಾಗುವ ಸಂಭವವಿದೆಯೆಂದು ಅವನಿಗೆ ತಿಳಿದಿದ್ದರೆ, ಆ ಸಾವನ್ನು ಅವನು ಸ್ವಇಚ್ಛೆಯಿಂದ ಉಂಟುಮಾಡಿದಂತೆಯೇ. ಈ ಒಂದು ದೃಷ್ಟಾಂತದಲ್ಲಿ ನಮ್ಮ ಪದಗಳೆಲ್ಲ ತಂತಮ್ಮ ಜಾಗದಲ್ಲಿ ನಿಂತಿರುವುದನ್ನು ಗಮನಿಸಿ. ಪರ್ಪಸ್ ದರೋಡೆ. ಇಂಟೆನ್ಷನ್ ಬೆಂಕಿಯಿಡುವುದು. ಸಾವಿನ ವಿಷಯದಲ್ಲಿ ಅವನಿಗಿದ್ದದ್ದು ನಾಲೆಜ್, ಅಂದರೆ ತಿಳಿವು. ಆಮೇಲಿನ ಮರುಕ ಯಾವುದನ್ನೂ ಬದಲಿಸುವುದಿಲ್ಲ. ಹಯಾಮ್ ಮೊಕದ್ದಮೆಯ ರಾತ್ರಿಗೂ ಇದಕ್ಕೂ ಎಷ್ಟು ಹತ್ತಿರ! ಪಟ್ಟಣದ ಮನೆ, ರಾತ್ರಿ, ಬೆಂಕಿ, ಬಯಸದ ಸಾವು. ಲಾರ್ಡ್ಸ್ ಸಭೆ ಮೂರು–ಎರಡಾಗಿ ಒಡೆದು ಬಿಡಿಸಿದ ತೊಡಕನ್ನು ಇಲ್ಲಿ ಯಾವ ಪದವನ್ನೂ ಎಳೆದಾಡದೆ ಬಿಡಿಸಿಯಾಗಿತ್ತು.

ಎಳೆದಾಡಿದ್ದಕ್ಕೆ ಇಂಗ್ಲೆಂಡ್ ಬೆಲೆಯನ್ನೂ ತೆತ್ತಿತು. 1985ರ ಮಲೋನಿ ಪ್ರಕರಣದಲ್ಲಿ ಅದೇ ಲಾರ್ಡ್ಸ್ ಸಭೆ ಹಿಂದೆ ಸರಿದು, ಮುಂಗಂಡದ್ದು ಇಂಟೆನ್ಷನ್ ಆಗುವುದಿಲ್ಲ, ಇಂಟೆನ್ಷನ್ ಇತ್ತೆನ್ನಲು ಅದೊಂದು ಸಾಕ್ಷ್ಯ ಮಾತ್ರ ಎಂದಿತು. ಆಮೇಲೆ 1998ರ ವೂಲಿನ್ ಪ್ರಕರಣ ಬಂದಿತು. ಕೋಪದಲ್ಲಿ ಮೂರು ತಿಂಗಳ ಕೂಸನ್ನು ಎಸೆದ ತಂದೆ. ಕೂಸು ಗಟ್ಟಿ ಜಾಗಕ್ಕೆ ಬಡಿದು ಸತ್ತಿತು. ಗಂಭೀರ ಗಾಯ ಹೆಚ್ಚುಕಡಿಮೆ ಖಂಡಿತ, ಅದು ಆರೋಪಿಗೂ ತಿಳಿದಿತ್ತು ಎಂದು ಕಂಡುಬಂದರೆ ಮಾತ್ರ ಜ್ಯೂರಿ ಇಂಟೆನ್ಷನ್ ಇತ್ತೆಂದು ಹೇಳಬಹುದು ಎಂದಾಯಿತು. ವಿಚಾರಣಾ ನ್ಯಾಯಾಧೀಶರು ಅದಕ್ಕಿಂತ ಸಡಿಲವಾಗಿ ಹೇಳಿದ್ದರಿಂದ ಕೊಲೆಯ ಅಪರಾಧ ಹೋಗಿ ಕೆಳಗಿನ ಅಪರಾಧ ಉಳಿಯಿತು. ಇಪ್ಪತ್ತನಾಲ್ಕು ವರ್ಷಗಳಲ್ಲಿ ಒಂದು ಪದದ ಎಲ್ಲೆ ಮೂರು ಬಾರಿ ಕದಲಿತು. ಇಷ್ಟಾದರೂ ‘ಹೇಳಬಹುದು’ ಎಂದರೆ ‘ಹೇಳಲೇಬೇಕು’ ಎಂದೇ ಎಂಬ ಚರ್ಚೆ ಅಲ್ಲಿನ ಕಾನೂನು ಪುಸ್ತಕಗಳಲ್ಲಿ ಮುಗಿದಿಲ್ಲ.

ಪದವನ್ನು ಹಿಗ್ಗಿಸಿದಂತೆ ಕುಗ್ಗಿಸಿದ ಪ್ರಸಂಗವೂ ಇದೆ, ಅದಂತೂ ಬಾನುಲಿಗೇ ಸಂಬಂಧಪಟ್ಟದ್ದು. ಎರಡನೆಯ ಮಹಾಯುದ್ಧ ಆರಂಭವಾದಾಗ ಸ್ಟೀನ್ ಎಂಬ ಬ್ರಿಟಿಷ್ ನಟ ಹೆಂಡತಿ ಮಕ್ಕಳೊಡನೆ ಜರ್ಮನಿಯಲ್ಲಿದ್ದ. ಗೆಸ್ಟಾಪೋ ಅವನನ್ನು ಹೊಡೆದು, ಹೆಂಡತಿ ಮಕ್ಕಳನ್ನು ಯಾತನಾ ಶಿಬಿರಕ್ಕೆ ಕಳಿಸುವ ಬೆದರಿಕೆ ಹಾಕಿ, ಜರ್ಮನಿಯ ರೇಡಿಯೋದಲ್ಲಿ ಸುದ್ದಿ ಓದಿಸಿತು. ಯುದ್ಧ ಮುಗಿದ ಮೇಲೆ, ಶತ್ರುವಿಗೆ ನೆರವಾಗುವ ಇಂಟೆನ್ಷನ್‌ನಿಂದ ನೆರವಾಗುವಂಥ ಕೆಲಸ ಮಾಡಿದನೆಂದು ಇಂಗ್ಲೆಂಡಿನಲ್ಲಿ ಅವನಿಗೆ ಮೂರು ವರ್ಷದ ಶಿಕ್ಷೆಯಾಯಿತು. 1947ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ರದ್ದುಮಾಡಿತು. ಮುಖ್ಯ ನ್ಯಾಯಾಧೀಶ ಗೊಡಾರ್ಡ್ ಅವರ ತರ್ಕ ಹೀಗೆ ಸಾಗಿತು: ಅವನಿಗಿದ್ದದ್ದು ಸಂಸಾರವನ್ನು ಉಳಿಸಿಕೊಳ್ಳುವ ಇಂಟೆನ್ಷನ್, ಶತ್ರುವಿಗೆ ನೆರವಾಗುವುದಲ್ಲ. ಜಪಾನೀಯರ ಸೆರೆಯಲ್ಲಿ ಬರ್ಮಾ ರಸ್ತೆಯ ಕೆಲಸಕ್ಕೆ ಹಚ್ಚಲ್ಪಟ್ಟ ಬ್ರಿಟಿಷ್ ಸೈನಿಕರನ್ನೂ ಅವರು ಉದಾಹರಿಸಿದರು. ಮನಸ್ಸು ಈ ತೀರ್ಪನ್ನು ಸ್ವಾಗತಿಸುತ್ತದೆ. ಬುದ್ಧಿ ಮಾತ್ರ ತಡೆಯುತ್ತದೆ. ಸಂಸಾರವನ್ನು ಉಳಿಸಲು ಅವನು ಹಿಡಿದ ಉಪಾಯ ಯಾವುದು? ಶತ್ರುವಿನ ಸುದ್ದಿಯನ್ನು ಶತ್ರುವಿಗೆ ಬೇಕಾದಂತೆ ಓದುವುದು. ಉಪಾಯವನ್ನು ಆರಿಸಿಕೊಂಡವನು ಅದನ್ನೂ ಸಂಕಲ್ಪಿಸಿದವನೇ. ಅವನನ್ನು ಬಿಡಬೇಕಾದದ್ದು ಇಂಟೆನ್ಷನ್ ಇರಲಿಲ್ಲವೆಂದಲ್ಲ. ಬಲವಂತಕ್ಕೆ ಸಿಕ್ಕಿದ ಮನುಷ್ಯನಿಗೆ ಶಿಕ್ಷೆ ಸಲ್ಲದೆಂದು. ಗೊಡಾರ್ಡ್ ಅವರು ಬಲವಂತದ ಕಾನೂನಿನ ಸೂಕ್ಷ್ಮಗಳಿಗೆ ಹೋಗಬೇಕಾಗಿಲ್ಲ ಎಂದು ಅದನ್ನು ಬದಿಗಿಟ್ಟು, ಮೋಟಿವ್‌ಗೆ ಇಂಟೆನ್ಷನ್ ಎಂಬ ಹೆಸರು ಕೊಟ್ಟರು. ಈ ತರ್ಕವನ್ನು ಹಾಗೆಯೇ ಒಪ್ಪಿದರೆ ಹಣಕ್ಕಾಗಿ ಸುದ್ದಿ ಓದಿದವನೂ ನನ್ನ ಇಂಟೆನ್ಷನ್ ಸಂಬಳ ಮಾತ್ರ ಎನ್ನಬಹುದಲ್ಲ? ಈ ವಿಷಯದಲ್ಲಿ ನಮ್ಮ ಸಂಹಿತೆಯೂ ನಿರ್ದೋಷಿಯಲ್ಲ. ಅದರಲ್ಲಿ ಬಲವಂತದ ರಕ್ಷಣೆ ತೀರ ಇಕ್ಕಟ್ಟಿನದು. ತನಗೇ ತಕ್ಷಣ ಸಾವು ಬರುತ್ತದೆಂಬ ಭಯವಿರಬೇಕು, ಹೆಂಡತಿ ಮಕ್ಕಳ ಮೇಲಿನ ಬೆದರಿಕೆ ಅದರೊಳಗೆ ಬರುವುದಿಲ್ಲ. ಅದನ್ನು ತಿದ್ದುವ ದಾರಿ ಆ ಸೆಕ್ಷನ್ನನ್ನು ತಿದ್ದುವುದೇ ಆಗಬೇಕು.

ಉಪಾಯವೂ ಸಂಕಲ್ಪದ ಭಾಗ ಎಂಬ ಈ ಮಾತನ್ನು ಇಪ್ಪತ್ತನೆಯ ಶತಮಾನದಲ್ಲಿ ಎಲ್ಲರಿಗಿಂತ ಬಿಗಿಯಾಗಿ ಹೇಳಿದವರು ತತ್ತ್ವಶಾಸ್ತ್ರಜ್ಞೆ ಎಲಿಜಬೆತ್ ಆನ್ಸ್‌ಕೂಮ್. 1956ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಅಮೆರಿಕದ ಮಾಜಿ ಅಧ್ಯಕ್ಷ ಟ್ರೂಮನ್‌ಗೆ ಗೌರವ ಪದವಿ ಕೊಡಹೊರಟಾಗ ಅವರು ಎದ್ದುನಿಂತು ವಿರೋಧಿಸಿದರು. ಹಿರೋಶಿಮಾ, ನಾಗಾಸಾಕಿಗಳ ಮೇಲೆ ಬಾಂಬು ಹಾಕಿಸಿದ್ದು ಯುದ್ಧವನ್ನು ಬೇಗ ಮುಗಿಸಲು, ಅದರಿಂದ ಎಷ್ಟೋ ಜೀವ ಉಳಿಯಿತು ಎಂಬುದು ಟ್ರೂಮನ್ ಪರ ವಾದ. ಯುದ್ಧ ಮುಗಿಸುವುದು ಪರ್ಪಸ್ ಆಗಿತ್ತೆಂದು ಆನ್ಸ್‌ಕೂಮ್ ಅಲ್ಲಗಳೆಯಲಿಲ್ಲ. ಆದರೆ ಆ ಪರ್ಪಸ್ಸಿಗೆ ಆರಿಸಿಕೊಂಡ ಉಪಾಯ ಊರಿನ ನಿರಪರಾಧಿ ಜನರ ಸಾವು. ಆ ಸಾವು ದಾರಿಯಲ್ಲಿ ತಾನಾಗಿ ಬಂದು ಸೇರಿದ ಸಂಗತಿಯಾಗಿರಲಿಲ್ಲ, ಅದೇ ದಾರಿಯಾಗಿತ್ತು. ದೂರದ ಗುರಿ ಎಷ್ಟೇ ಒಳ್ಳೆಯದಿದ್ದರೂ ಹತ್ತಿರದ ಸಂಕಲ್ಪವನ್ನು ಅದು ಅಳಿಸಲಾರದು ಎಂದು ಅವರ ನಿಲುವು. ಮರುವರ್ಷ, 1957ರಲ್ಲಿ, ‘ಇಂಟೆನ್ಷನ್’ ಎಂಬ ಹೆಸರಿನದೇ ಅವರ ಚಿಕ್ಕ ಪುಸ್ತಕ ಬಂತು. ಅದರಲ್ಲಿ ಒಬ್ಬ ಕೈಪಂಪು ಹೊಡೆಯುತ್ತಿದ್ದಾನೆ. ಬಾವಿಗೆ ವಿಷ ಬಿದ್ದಿದೆ, ಅವನಿಗದು ಗೊತ್ತು. ಅವನು ತೋಳಾಡಿಸುತ್ತಿದ್ದಾನೆ, ನೀರು ಮೇಲೆತ್ತುತ್ತಿದ್ದಾನೆ, ಮನೆಯೊಂದರ ತೊಟ್ಟಿ ತುಂಬಿಸುತ್ತಿದ್ದಾನೆ, ಆ ಮನೆಯವರಿಗೆ ವಿಷವುಣಿಸುತ್ತಿದ್ದಾನೆ. ಕೆಲಸ ಒಂದೇ, ಅದಕ್ಕೆ ಕೊಡಬಹುದಾದ ವರ್ಣನೆಗಳು ನಾಲ್ಕು. ಪ್ರತಿಯೊಂದಕ್ಕೂ ‘ಯಾಕೆ?’ ಎಂದು ಕೇಳಿದರೆ ಮುಂದಿನದೇ ಉತ್ತರ. ಆ ‘ಯಾಕೆ’ಗಳ ಸರಣಿ ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿಯವರೆಗೂ ಇಂಟೆನ್ಷನ್ ಹಬ್ಬಿರುತ್ತದೆ. ಸ್ಟೀನ್ ಪ್ರಕರಣದ ಗಂಟನ್ನು ಬಿಡಿಸಲು ಇದಕ್ಕಿಂತ ಒಳ್ಳೆಯ ಸಾಧನ ನನಗೆ ಕಂಡಿಲ್ಲ.

ಪರ್ಪಸ್ ಎಂಬ ಪದಕ್ಕೂ ಇಂಥದೇ ಅನ್ಯಾಯ ಆಗಿದೆ. 1961ರ ಡಿಸೆಂಬರಿನಲ್ಲಿ ಅಣ್ವಸ್ತ್ರ ವಿರೋಧಿಗಳು ಎಸೆಕ್ಸ್ ಪ್ರಾಂತದ ವೆದರ್ಸ್‌ಫೀಲ್ಡ್ ವಿಮಾನ ನೆಲೆಗೆ ನುಗ್ಗಿ ವಿಮಾನಗಳ ಮುಂದೆ ಕೂರಲು ಯೋಜಿಸಿದರು. ರಾಜ್ಯದ ಸುರಕ್ಷತೆಗೆ ಹಾನಿಕರವಾದ ಪರ್ಪಸ್ಸಿನಿಂದ ನಿಷಿದ್ಧ ಸ್ಥಳವನ್ನು ಪ್ರವೇಶಿಸುವ ಒಳಸಂಚೆಂದು ಅವರಿಗೆ ಶಿಕ್ಷೆಯಾಯಿತು. ನಮ್ಮ ಪರ್ಪಸ್ ದೇಶವನ್ನು ಅಣ್ವಸ್ತ್ರದಿಂದ ಉಳಿಸುವುದು ಎಂದರು ಅವರು. ವಿಮಾನ ಹಾರದಂತೆ ತಡೆಯುವುದೇ ಪರ್ಪಸ್, ಉಳಿದದ್ದು ಮೋಟಿವ್ ಎಂದಿತು ಲಾರ್ಡ್ಸ್ ಸಭೆ. ಇಂಟೆನ್ಷನ್ ಎನ್ನಬೇಕಾದ ಕಡೆ ಶಾಸನ ಪರ್ಪಸ್ ಎಂದಿತ್ತು, ಆ ಪದವನ್ನು ಇಂಟೆನ್ಷನ್‌ನಷ್ಟು ಮೊಟಕು ಮಾಡಿ ಓದಲಾಯಿತು. ಹಾಗೆ ಓದದಿದ್ದರೆ ಪ್ರತಿಯೊಬ್ಬ ಗೂಢಚಾರನೂ ಲೋಕಶಾಂತಿ ನನ್ನ ಪರ್ಪಸ್ ಎನ್ನುತ್ತಿದ್ದ ಎಂಬ ಆಕ್ಷೇಪಣೆಯಲ್ಲಿ ಹುರುಳಿದೆ. ಆದರೆ ಅದು ಶಾಸನ ಬರೆಯುವವರು ಯೋಚಿಸಬೇಕಾದ ಮಾತು. ಭಾರತದ 1923ರ ಅಧಿಕೃತ ರಹಸ್ಯಗಳ ಕಾಯಿದೆಯ ಮೂರನೆಯ ಸೆಕ್ಷನ್ನಿನಲ್ಲೂ ಅದೇ ಪರ್ಪಸ್ ಪದ ಕುಳಿತಿದೆ.

ಈಗ ಆಕ್ಷೇಪಣೆಗಳನ್ನು ಎದುರಿಸಬೇಕು. ಮೊದಲನೆಯದು ಎಲ್ಲರಿಗೂ ಹೊಳೆಯುವಂಥದು: ಮನಸ್ಸಿನೊಳಗೆ ಇಣುಕಿ ನೋಡಿದವರಾರು? ಬೇಕೆಂದು ಮಾಡಿದ್ದೋ ಗೊತ್ತಿದ್ದು ಮಾಡಿದ್ದೋ ಎಂದು ಹೇಗೆ ತಿಳಿಯುವುದು? 1958ರಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದ ವಿರ್ಸಾ ಸಿಂಗ್ ಪ್ರಕರಣ ಇದಕ್ಕೆ ಉತ್ತರ ಕೊಡುತ್ತದೆ. ಪಂಜಾಬಿನಲ್ಲಿ ಒಬ್ಬ ಯುವಕ ಇನ್ನೊಬ್ಬನ ಕಿಬ್ಬೊಟ್ಟೆಗೆ ಭರ್ಜಿಯಿಂದ ಇರಿದಿದ್ದ. ಇರಿದದ್ದು ಒಂದೇ ಬಾರಿ, ಆದರೆ ಕರುಳಿನ ಮೂರು ಸುರುಳಿ ಹೊರಗೆ ಬಂದಿದ್ದವು. ಇರಿತಕ್ಕೊಳಗಾದವನು ಮರುದಿನ ಸತ್ತ. ಸಾಯಿಸಲೆಂದೇ ಇರಿದನೆನ್ನಲು ಸಾಕ್ಷ್ಯವೆಲ್ಲಿದೆ ಎಂದು ವಾದ. ನ್ಯಾಯಮೂರ್ತಿ ವಿವಿಯನ್ ಬೋಸ್ ಪ್ರಶ್ನೆಯನ್ನೇ ಎರಡಾಗಿ ಸೀಳಿದರು. ಆ ಗಾಯವನ್ನೇ ಮಾಡುವ ಇಂಟೆನ್ಷನ್ ಇತ್ತೇ, ಅಥವಾ ಕೈ ತಪ್ಪಿ ಆಯಿತೇ? ಇದು ಮನಸ್ಸಿನ ಪ್ರಶ್ನೆ. ಆಯುಧ ಯಾವುದು, ದೇಹದ ಯಾವ ಭಾಗಕ್ಕೆ, ಎಷ್ಟು ಬಲದಿಂದ ಎಂಬುದರಿಂದ ಇದನ್ನು ಸಾಮಾನ್ಯ ಬುದ್ಧಿಯಿಂದ ತಿಳಿಯಬಹುದು. ಆ ಗಾಯ ಸಹಜವಾಗಿ ಸಾವು ತರುವಷ್ಟು ಆಳವಾದದ್ದೇ? ಇದು ವೈದ್ಯರಿಂದ ತಿಳಿಯಬೇಕಾದ, ಆರೋಪಿಯ ಮನಸ್ಸಿಗೆ ಸಂಬಂಧಪಡದ ಪ್ರಶ್ನೆ. ಎರಡಕ್ಕೂ ಹೌದೆಂಬ ಉತ್ತರ ಬಂದರೆ ಕೊಲೆ. ಮನಸ್ಸು ಅಗೋಚರ ಎಂಬುದು ತತ್ತ್ವದ ಮಟ್ಟಿಗೆ ನಿಜವಿರಬಹುದು. ಭರ್ಜಿ ಎಲ್ಲಿಗೆ ಹೋಯಿತು ಎಂಬುದು ಗೋಚರ.

ಎರಡನೆಯ ಆಕ್ಷೇಪಣೆ ಇದಕ್ಕಿಂತ ತೂಕದ್ದು. ಇಂಟೆನ್ಷನ್ ಮತ್ತು ನಾಲೆಜ್ ಎಂದು ಬೇರೆ ಹೆಸರಿಟ್ಟ ಮಾತ್ರಕ್ಕೆ ನಮ್ಮ ಸಂಹಿತೆ ಸ್ಪಷ್ಟವಾಗಿದೆಯೇ? ಇಲ್ಲ ಎಂದವರು ಸಾಮಾನ್ಯರಲ್ಲ. ಸಂಹಿತೆಯನ್ನು ಬಹಳ ಮೆಚ್ಚಿದ್ದ ಇಂಗ್ಲಿಷ್ ನ್ಯಾಯಶಾಸ್ತ್ರಜ್ಞ ಜೇಮ್ಸ್ ಫಿಟ್ಸ್‌ಜೇಮ್ಸ್ ಸ್ಟೀಫನ್ನೇ ನರಹತ್ಯೆ ಮತ್ತು ಕೊಲೆಯ ವ್ಯಾಖ್ಯೆಗಳು ಅದರ ಅತ್ಯಂತ ದುರ್ಬಲ ಭಾಗ ಎಂದಿದ್ದ. 299 ಮತ್ತು 300ನೆಯ ಸೆಕ್ಷನ್ನುಗಳು ಒಂದರೊಳಗೊಂದು ಹೊಕ್ಕಿವೆ; ಜನಜಂಗುಳಿಯತ್ತ ಕಾರಣವಿಲ್ಲದೆ ಫಿರಂಗಿ ಹಾರಿಸಿದವನದು ಬರಿಯ ತಿಳಿವಾದರೂ ಅದು ಕೊಲೆಯೇ ಆಗುತ್ತದೆ. ಇದನ್ನೆಲ್ಲ ಒಪ್ಪುತ್ತೇನೆ. ಗಡಿ ಎಲ್ಲಿ ಎಂಬ ಜಗಳ ನಮ್ಮಲ್ಲೂ ಇದೆ. ಆದರೆ ಆ ಜಗಳ ತಿಳಿವು ಎಷ್ಟು ಗಾಢವಾಗಿತ್ತು ಎಂಬುದರ ಬಗ್ಗೆ ನಡೆಯುತ್ತದೆ. ತಿಳಿವನ್ನು ಇಂಟೆನ್ಷನ್ ಎಂದು ನಟಿಸುವ ಅಗತ್ಯ ಬೀಳುವುದಿಲ್ಲ. 2006ರ ನವೆಂಬರಿನ ಒಂದು ರಾತ್ರಿ ಮುಂಬಯಿಯ ಕಾರ್ಟರ್ ರಸ್ತೆಯಲ್ಲಿ ಕುಡಿದು ಓಡಿಸಿದ ಕಾರೊಂದು ಪಾದಚಾರಿ ದಾರಿಯಲ್ಲಿ ಮಲಗಿದ್ದ ಕೂಲಿ ಕೆಲಸಗಾರರ ಮೇಲೆ ಹರಿದು ಏಳು ಮಂದಿ ಸತ್ತರು. ಅವರನ್ನು ಕೊಲ್ಲಬೇಕೆಂದು ಆ ಚಾಲಕ ಹೊರಟಿದ್ದನೆಂದು ಯಾರೂ ಹೇಳಲಿಲ್ಲ, ಹೇಳುವ ಅಗತ್ಯವೂ ಬರಲಿಲ್ಲ. ಕುಡಿದು ಹಾಗೆ ಓಡಿಸಿದರೆ ಜನ ಸಾಯಬಹುದೆಂಬ ತಿಳಿವು ಅವನಿಗಿತ್ತೆಂದು 304ನೆಯ ಸೆಕ್ಷನ್ನಿನ ಎರಡನೆಯ ಭಾಗದ ಅಡಿಯಲ್ಲಿ ಅಪರಾಧವನ್ನು ಸರ್ವೋಚ್ಚ ನ್ಯಾಯಾಲಯ 2012ರಲ್ಲಿ ಎತ್ತಿಹಿಡಿಯಿತು. ಕೊಟ್ಟ ಮೂರು ವರ್ಷದ ಶಿಕ್ಷೆ ಏಳು ಸಾವುಗಳಿಗೆ ತೀರ ಕಡಿಮೆ ಎಂದು ನನಗನಿಸುತ್ತದೆ. ಅಪರಾಧಕ್ಕೆ ಇಟ್ಟ ಹೆಸರು ಮಾತ್ರ ಸರಿಯಾಗಿತ್ತು.

ಸತ್ತವರ ಮನೆಯವರಿಗೆ ಈ ಭೇದಗಳಿಂದ ಏನಾಗಬೇಕು ಎಂದು ಕೇಳುವವರುಂಟು. ನೋವಿನಿಂದ ಬಂದ ಪ್ರಶ್ನೆ, ಗೌರವದಿಂದಲೇ ಉತ್ತರಿಸಬೇಕು. ಸಾವಿನ ನಷ್ಟ ಎಲ್ಲ ಬಗೆಯಲ್ಲೂ ಒಂದೇ, ಅದಕ್ಕೇ ಪರಿಹಾರ ಕೇಳಲು ಇಂಟೆನ್ಷನ್ ತೋರಿಸಬೇಕಾಗಿಲ್ಲ; ರಸ್ತೆ ಅಪಘಾತದಲ್ಲಿ ಅಜಾಗರೂಕತೆ ಸಾಕು. ಆದರೆ ಶಿಕ್ಷೆ ಎನ್ನುವುದು ನಷ್ಟದ ಅಳತೆ ಮಾತ್ರವಾದರೆ, ಮೈಮರೆತು ಬ್ರೇಕು ತಡವಾಗಿ ಒತ್ತಿದವನಿಗೂ ಹೊಂಚುಹಾಕಿ ಕೊಂದವನಿಗೂ ಒಂದೇ ಶಿಕ್ಷೆ ಕೊಡಬೇಕಾಗುತ್ತದೆ. ಆ ನ್ಯಾಯವನ್ನು ಸತ್ತವರ ಮನೆಯವರೂ ನ್ಯಾಯವೆಂದು ಒಪ್ಪಲಾರರು. ಹೊಂಚುಹಾಕಿದವನನ್ನು ಅವರು ದ್ವೇಷಿಸುವ ಬಗೆಯೇ ಬೇರೆ, ಆ ಬೇರೆತನಕ್ಕೆ ಕಾನೂನು ಹೆಸರು ಕೊಟ್ಟಿದೆ.

2024ರ ಜುಲೈ 1ರಿಂದ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. 299 ಹೋಗಿ 100 ಆಯಿತು, 300 ಹೋಗಿ 101, 304 ಹೋಗಿ 105. ಇಂಟೆನ್ಷನ್ ಮತ್ತು ನಾಲೆಜ್ ಎಂಬ ಎರಡು ಪದಗಳು ಬೇರೆಬೇರೆಯಾಗಿಯೇ ಉಳಿದಿವೆ, ಮನೆಗೆ ಬೆಂಕಿಯಿಟ್ಟವನ ದೃಷ್ಟಾಂತವೂ ಉಳಿದಿದೆ. ಗುಂಪಿನ ಅಪರಾಧದಲ್ಲೂ ಹಳೆಯ 34ನೆಯ ಸೆಕ್ಷನ್ನಿನ ಕಾಮನ್ ಇಂಟೆನ್ಷನ್ ಮತ್ತು 149ರ ಕಾಮನ್ ಆಬ್ಜೆಕ್ಟ್ ಎಂಬ ಭೇದ ಹೊಸ ಅಂಕಿಗಳಲ್ಲಿ ಮುಂದುವರಿದಿದೆ. ನಮ್ಮ ತಾಲೂಕು ನ್ಯಾಯಾಲಯಗಳಲ್ಲಿ ದೂರು, ಹೇಳಿಕೆ, ಸಾಕ್ಷ್ಯ ನಡೆಯುವುದು ಕನ್ನಡದಲ್ಲಿ. ಅಲ್ಲಿ ಎಲ್ಲಕ್ಕೂ ‘ಉದ್ದೇಶದಿಂದ’ ಎಂದು ಬರೆದುಬಿಟ್ಟರೆ ಶಾಸನ ಜತನದಿಂದ ಬೇರೆ ಮಾಡಿದ್ದನ್ನು ಬರಹ ಮತ್ತೆ ಬೆರೆಸಿಬಿಡುತ್ತದೆ. ಆದ್ದರಿಂದ ದೂರು ಬರೆದುಕೊಳ್ಳುವ ಪೊಲೀಸರಲ್ಲಿ, ಕಾನೂನನ್ನು ಕನ್ನಡಕ್ಕೆ ತರುವ ಅನುವಾದಕರಲ್ಲಿ, ಅಪರಾಧ ಸುದ್ದಿ ಬರೆಯುವ ವರದಿಗಾರರಲ್ಲಿ ನನ್ನದೊಂದು ಕೋರಿಕೆ: ಬಯಸಿ ಮಾಡಿದ್ದಕ್ಕೆ ಉದ್ದೇಶ, ಬಲ್ಲವನಾಗಿ ಮಾಡಿದ್ದಕ್ಕೆ ತಿಳಿವು, ಹಿಂದಿನ ದ್ವೇಷಕ್ಕೋ ಆಸೆಗೋ ಪ್ರೇರಣೆ ಎಂದು ಬೇರೆಬೇರೆಯಾಗಿಯೇ ಬರೆಯಿರಿ. ಸಾಕ್ಷಿ ಬಂದು ‘ಬೇಕಂತಲೇ ಮಾಡಿದ ಸ್ವಾಮಿ’ ಎಂದರೆ ಹಾಗೆಯೇ ಬರೆದುಕೊಳ್ಳಿ, ‘ಗೊತ್ತಿದ್ದೂ ಮಾಡಿದ’ ಎಂದರೆ ಅದನ್ನು ತಿದ್ದಬೇಡಿ.